ಕಡಿಯಬಾರದ ಸರಣಿ

ಭಾರತೀಯ ನೌಕಾಪಡೆಯ ಭವಿಷ್ಯದ ಮಾತು ಬಂದಾಗೆಲ್ಲ ಹಡಗುಗಳ ಸಂಖ್ಯೆಯೇ ಮುಂದಾಗುತ್ತದೆ. ಸಂಖ್ಯೆಗಿಂತ ದೊಡ್ಡ ಪಾಠ ಮುಂಬೈಯ ಹಡಗುಕಟ್ಟೆ ಮಜಗಾಂವ್ ಡಾಕ್‌ನ ಚರಿತ್ರೆಯಲ್ಲಿದೆ. ಬ್ರಿಟನ್ನಿನ ಲಿಯಾಂಡರ್ ವಿನ್ಯಾಸದ ಯುದ್ಧನೌಕೆ ನೀಲಗಿರಿ 1972ರಲ್ಲಿ ಅಲ್ಲಿಂದ ಪಡೆಗೆ ಸೇರಿತು. ಅದೇ ಮಾದರಿಯ ಇನ್ನೂ ಐದು ನೌಕೆಗಳನ್ನು ಕಟ್ಟುವಷ್ಟರಲ್ಲಿ ಕೆಲಸಗಾರರ ಕೈ ಪಳಗಿತ್ತು. 1983ರಲ್ಲಿ ನಮ್ಮವರೇ ವಿನ್ಯಾಸಗೊಳಿಸಿದ ಗೋದಾವರಿ ಬಂತು, 1997ರಲ್ಲಿ ವಿಧ್ವಂಸಕ ನೌಕೆ ದೆಹಲಿ, 2021ರಲ್ಲಿ ವಿಶಾಖಪಟ್ಟಣಂ. ಒಂದು ನೌಕೆಯಲ್ಲಿ ಕಲಿತದ್ದು ಮುಂದಿನದಕ್ಕೆ ಬಂಡವಾಳವಾಯಿತು.

ಜಲಾಂತರ್ಗಾಮಿಗಳ ವಿಷಯದಲ್ಲಿ ಅದೇ ಕಾರ್ಖಾನೆ ಬೇರೆಯೇ ಹಾದಿ ಕಂಡಿತು. 1981ರ ಜರ್ಮನ್ ಒಪ್ಪಂದದಂತೆ ಎರಡು ಜಲಾಂತರ್ಗಾಮಿಗಳು ಜರ್ಮನಿಯಲ್ಲಿ ತಯಾರಾದವು. ಶಾಲ್ಕಿ ಮತ್ತು ಶಂಕುಲ್ ಮುಂಬೈಯಲ್ಲೇ ನಿರ್ಮಾಣಗೊಂಡು 1992 ಮತ್ತು 1994ರಲ್ಲಿ ಸೇವೆಗೆ ಬಂದವು. ಲಂಚದ ಆರೋಪ ಎದ್ದ ಮೇಲೆ ಸರಣಿ ಅಲ್ಲಿಗೇ ನಿಂತಿತು. ಫ್ರೆಂಚ್ ವಿನ್ಯಾಸದ ಕಲ್ವರಿ ಪಡೆಗೆ ಸೇರಿದ್ದು 2017ರಲ್ಲಿ. ನಡುವಿನ 23 ವರ್ಷಗಳಲ್ಲಿ ನುರಿತ ಬೆಸುಗೆಗಾರರು ಚದುರಿದರು, ಗಳಿಸಿದ ವಿದ್ಯೆ ಕೈಬಿಟ್ಟುಹೋಯಿತು, ಮೊದಲಿಂದ ಕಲಿಯಬೇಕಾಯಿತು. ಆರೋಪದ ತನಿಖೆ ಆಗಲೇಬೇಕಿತ್ತು. ಅದಕ್ಕಾಗಿ ಒಂದು ಕಸುಬನ್ನೇ ಬಲಿಕೊಡಬೇಕಿರಲಿಲ್ಲ.

ಇಲ್ಲಿ ಕಟ್ಟುವುದು ತಡ, ಹೊರಗೆ ಕೊಳ್ಳುವುದು ಬೇಗ ಎನ್ನುವವರಿದ್ದಾರೆ. ತಡವಾಗುವುದು ನಿಜ: 2009ರಲ್ಲಿ ಕೊಚ್ಚಿಯಲ್ಲಿ ಅಡಿಗಟ್ಟು ಹಾಕಿದ ವಿಮಾನವಾಹಕ ನೌಕೆ ವಿಕ್ರಾಂತ್ ಪಡೆಗೆ ಸೇರಿದ್ದು 2022ರಲ್ಲಿ. ಆದರೆ ಅದಕ್ಕಾಗಿ ತಯಾರಿಸಿದ ಉಕ್ಕಿನ ವಿದ್ಯೆ ಈಗ ನಮ್ಮದು. ಕೊಂಡ ಹಡಗಿನ ಜೊತೆ ಅಂಥದ್ದು ಬರುವುದಿಲ್ಲ. ಸತತ ಬೇಡಿಕೆ ಕೊಟ್ಟರೆ ಸರ್ಕಾರಿ ಹಡಗುಕಟ್ಟೆಗಳು ಆಲಸಿಗಳಾಗುತ್ತವೆ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಅದಕ್ಕೆ ಮದ್ದು ಗಡುವು, ದಂಡ ಮತ್ತು ಖಾಸಗಿ ಸಂಸ್ಥೆಗಳ ಪೈಪೋಟಿ, ಕೆಲಸವನ್ನೇ ನಿಲ್ಲಿಸುವುದಲ್ಲ.

ಕಾರವಾರದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟವು. ಅಷ್ಟು ಬೆಲೆ ತೆತ್ತು ಕಟ್ಟಿದ ನೆಲೆಗೆ ತಕ್ಕ ಹಡಗುಗಳು ಬೇಕು. ಆದರೂ 2025ರ ಜನವರಿಯಲ್ಲಿ ಕಲ್ವರಿ ಸರಣಿಯ ಆರನೆಯದಾದ ವಾಗ್ಶೀರ್ ಪಡೆಗೆ ಸೇರಿದಾಗ ಮುಂದಿನ ಜಲಾಂತರ್ಗಾಮಿಗಳ ಒಪ್ಪಂದಕ್ಕೆ ಸಹಿ ಬಿದ್ದಿರಲಿಲ್ಲ. 1994ರ ತಪ್ಪು ಮರುಕಳಿಸುವುದು ಹೀಗೆಯೇ. ಒಂದು ಸರಣಿ ಮುಗಿಯುವ ಮೊದಲೇ ಇನ್ನೊಂದರ ಉಕ್ಕು ಕತ್ತರಿಸುವುದನ್ನು ಸರ್ಕಾರಗಳು ಬದಲಾದರೂ ಬದಲಾಗದ ರಾಷ್ಟ್ರೀಯ ನಿಯಮವಾಗಿಸಬೇಕು.