ಬೆಂಗಳೂರಿನ ಹೊರವಲಯ ಮತ್ತು ವಿದೇಶದ ಓದು

ಬೆಂಗಳೂರಿನಿಂದ ವಿದೇಶಕ್ಕೆ ಕಲಿಯಲು ಹೋದವರ ಖರ್ಚನ್ನು ಒಂದು ಕಾಲದಲ್ಲಿ ಸರ್ಕಾರ ಹೊತ್ತಿತು, ಆಮೇಲೆ ಕಾರ್ಖಾನೆ ಹೊತ್ತಿತು. ಈಗ ಅದನ್ನು ಹೊರುತ್ತಿರುವುದು ಮನೆಯವರು. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಇಂದು ಮನೆಮಾತಾಗಿರುವ ಇಂಟರ್‌ನ್ಯಾಷನಲ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿಯ ಹಿಂದೆ ಈ ನೂರು ವರ್ಷಗಳ ಬದಲಾವಣೆಯಿದೆ.

ಮೈಸೂರು ಸಂಸ್ಥಾನದಲ್ಲಿ ಹೊಸ ಉದ್ಯಮವೊಂದು ಬೇರೂರಬೇಕಾದರೆ ಇಲ್ಲಿಯವರನ್ನೇ ಹೊರಗೆ ಕಳಿಸಿ ಕಲಿಸುವುದೂ ಒಂದು ದಾರಿಯಾಗಿತ್ತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ ಗಂಧದೆಣ್ಣೆಯನ್ನು ಇಲ್ಲೇ ತೆಗೆಯುವ, ಅದರಿಂದ ಸಾಬೂನು ಮಾಡುವ ಯೋಚನೆ ಹುಟ್ಟಿತು. ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಂಸ್ಥಾನದ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಸಾಬೂನು ಮತ್ತು ಸುಗಂಧದ ತಂತ್ರ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಅಂಗಡಿಗೆ ಬಂತು. ಓದು ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬ ಚಿಂತೆ ಶಾಸ್ತ್ರಿಗಳಿಗೆ ಇರಲಿಲ್ಲ. ಹೊರಡುವ ಮುಂಚೆಯೇ ಅವರಿಗೆ ಇಲ್ಲಿ ಕೆಲಸ ಕಾದಿತ್ತು. 1957ರಲ್ಲಿ ಕಾರ್ಖಾನೆ ಯಶವಂತಪುರದ ಪಕ್ಕಕ್ಕೆ ಬಂತು. ಇಂದು ಅದರ ಹೆಸರಿನ ಮೆಟ್ರೋ ನಿಲ್ದಾಣದಲ್ಲಿ ತುಮಕೂರು ರಸ್ತೆಯ ಕಡೆಗೆ ರೈಲು ಹತ್ತಿದರೆ ಮೂರನೆಯ ನಿಲ್ದಾಣವೇ ಪೀಣ್ಯ.

ಸ್ವಾತಂತ್ರ್ಯದ ನಂತರ ಈ ಹೊಣೆ ಸರ್ಕಾರಿ ಸ್ವಾಮ್ಯದ ಕಾರ್ಖಾನೆಗಳಿಗೆ ಬಂತು. 1953ರಲ್ಲಿ ಹುಟ್ಟಿದ ಎಚ್‌ಎಂಟಿಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗವಿತ್ತು, 1954ರ ಬಿಇಎಲ್‌ಗೆ ಫ್ರಾನ್ಸಿನ ಸಿಎಸ್‌ಎಫ್ ನೆರವಿತ್ತು. ಎಚ್‌ಎಂಟಿಯ ಕೈಗಡಿಯಾರಗಳು ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನದಿಂದ ತಯಾರಾದವು. ಇಂಥ ಒಪ್ಪಂದಗಳ ಆಸರೆಯಲ್ಲಿ ವಿದೇಶಕ್ಕೆ ಹೋದವರು ಕಲಿತದ್ದು ಯಂತ್ರದ ಮುಂದೆ ನಿಂತು. ಅವರು ತಂದದ್ದು ಪದವಿಯಲ್ಲ, ಕೈಚಳಕ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಾಗ ಅಲ್ಲಿನ ಸಣ್ಣ ಶೆಡ್ಡುಗಳು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುತ್ತ ಬೆಳೆದವು. ಮೈಕ್ರಾನ್ ಲೆಕ್ಕದಲ್ಲಿ ಲೇತ್ ಹಿಡಿಯುವ ಶಿಸ್ತು ಪೀಣ್ಯಕ್ಕೆ ಹರಿದು ಬಂದದ್ದು ಹೀಗೆ. ಮ್ಯಾನೇಜ್‌ಮೆಂಟ್ ಎಂಬ ಪ್ರತ್ಯೇಕ ವಿದ್ಯೆಗೆ ಅಲ್ಲಿ ಆಗಿನ್ನೂ ಜಾಗವಿರಲಿಲ್ಲ. ಹಿರಿಯ ಎಂಜಿನಿಯರೇ ಮ್ಯಾನೇಜರು. ಬೆಂಗಳೂರಿನ ಐಐಎಂ ಶುರುವಾದದ್ದೇ 1973ರಲ್ಲಿ.

ಎಲೆಕ್ಟ್ರಾನಿಕ್ ಸಿಟಿ ಆರ್.ಕೆ. ಬಾಳಿಗರ ಕನಸು. ಅವರು ಮುನ್ನಡೆಸಿದ ರಾಜ್ಯ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆ ಪಡೆದು ಅದನ್ನು ಕಟ್ಟಿತು. ವೈಟ್‌ಫೀಲ್ಡ್ ಇನ್ನೂ ಹಳೆಯದು: 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಬೇಸಾಯಕ್ಕೆಂದು ಕೊಟ್ಟ ಭೂಮಿ ಅದು. ಸಿಂಗಪುರದ ಸಹಭಾಗಿತ್ವದ ಟೆಕ್ ಪಾರ್ಕ್ ಐಟಿಪಿಎಲ್ 1990ರ ದಶಕದಲ್ಲಿ ಅಲ್ಲಿ ತಲೆಯೆತ್ತಿತು. ಈ ಎರಡೂ ಕಡೆ ವಿದೇಶ ಎಂದರೆ ಮೊದಲು ‘ಆನ್‌ಸೈಟ್’ ಆಗಿತ್ತು. ಕಂಪನಿಯೇ ವೀಸಾ ಮಾಡಿಸಿ, ಟಿಕೆಟ್ ಕೊಟ್ಟು, ಗ್ರಾಹಕರ ಕಚೇರಿಗೆ ಕಳಿಸುತ್ತಿತ್ತು. ಆನ್‌ಸೈಟ್‌ಗೆ ಹೋದ ಹುಡುಗ ಹುಡುಗಿಯರು ಕಂಡುಕೊಂಡ ಸಂಗತಿ ಒಂದಿದೆ: ಕೋಡ್ ಬರೆಯುವುದು ಇಲ್ಲಿ, ಏನು ಬರೆಯಬೇಕೆಂದು ತೀರ್ಮಾನವಾಗುವುದು ಅಲ್ಲಿ. ತೀರ್ಮಾನ ನಡೆಯುವ ಕೋಣೆಯೊಳಗೆ ಕೂರಬೇಕೆಂಬ ಆಸೆಯೇ ಎಂಜಿನಿಯರನ್ನು ಮ್ಯಾನೇಜ್‌ಮೆಂಟ್ ಓದಿನತ್ತ ಎಳೆದ ದೊಡ್ಡ ಕಾರಣ.

ಅಷ್ಟರಲ್ಲಿ ಯೂರೋಪ್ ಕೂಡ ಬಾಗಿಲು ತೆರೆದಿತ್ತು. ಅಮೆರಿಕದ ಎಂಬಿಎ ಕೆಲವು ವರ್ಷದ ಅನುಭವ ಕೇಳುತ್ತಿತ್ತು. 1999ರ ಬೊಲೋನ್ಯಾ ಘೋಷಣೆಯ ನಂತರ ಯೂರೋಪಿನ ಅನೇಕ ದೇಶಗಳು ಬ್ಯಾಚುಲರ್, ಮಾಸ್ಟರ್ ಎಂಬ ಏಕರೂಪದ ಕ್ರಮಕ್ಕೆ ಬಂದವು; ಮೊದಲ ಪದವಿ ಮುಗಿಸಿದ ಕೂಡಲೇ ಸೇರಬಹುದಾದ ಮ್ಯಾನೇಜ್‌ಮೆಂಟ್ ಮಾಸ್ಟರ್ ಕೋರ್ಸುಗಳು ಹೆಚ್ಚಿದವು. ಅವುಗಳಲ್ಲಿ ಜರ್ಮನಿಯ ಹೆಸರು ಬೆಂಗಳೂರಿಗೆ ಹೊಸದಲ್ಲ: ವೈಟ್‌ಫೀಲ್ಡಿನಲ್ಲಿ ನೆಲೆಸಿದ ಸ್ಯಾಪ್ ಮತ್ತು ಮರ್ಸಿಡಿಸ್-ಬೆಂಜ್, ಬೆಂಗಳೂರಿಗೆ 1951ರಲ್ಲೇ ಬಂದ ಬಾಷ್, ಮೂರರ ಮೂಲ ಕಚೇರಿಯೂ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ. ಆದರೆ ಇದೇ ರಾಜ್ಯ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ವಸೂಲು ಮಾಡುತ್ತಿದೆ.

ಹಣದ ದಾರಿಯೂ ಇದೇ ಹೊತ್ತಿಗೆ ಸಲೀಸಾಯಿತು. 1973ರ ಫೆರಾ ಕಾಯ್ದೆಯ ಕಾಲದಲ್ಲಿ ವಿದೇಶಿ ವಿನಿಮಯ ಪಡೆಯುವುದೇ ಹರಸಾಹಸವಾಗಿತ್ತು. 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್ ಕಳಿಸಲು ಅವಕಾಶ ಕೊಟ್ಟಿತು; 2015ರ ವೇಳೆಗೆ ಅದು 2,50,000ಕ್ಕೆ ಏರಿತು. 2001ರಲ್ಲಿ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವಿದೇಶದ ಓದಿಗೆ 15 ಲಕ್ಷ ರೂಪಾಯಿಯವರೆಗೆ ಸಾಲವಿತ್ತು. ಸಾಲ ಒಂದು ಮಿತಿ ದಾಟಿದರೆ ಅಡಮಾನ ಬೇಕು.

ಹೊರವಲಯದ ಮನೆಗಳು ಎಡವುವುದು ಇಲ್ಲೇ. ಪೀಣ್ಯದ ಕಾರ್ಮಿಕರು ಲಗ್ಗೆರೆ, ಹೆಗ್ಗನಹಳ್ಳಿಯ ಕಡೆ ಚೀಟಿ ಹಾಕಿ, ಒಡವೆ ಮಾರಿ ಕೊಂಡ 20x30, 30x40 ನಿವೇಶನಗಳಲ್ಲಿ ರೆವಿನ್ಯೂ ಸೈಟುಗಳು, ಅಂದರೆ ಕೃಷಿಭೂಮಿಯನ್ನು ಪರಿವರ್ತಿಸದೆ ಮಾಡಿದ ನಿವೇಶನಗಳು, ಬಹಳ. ಕ್ರಯಪತ್ರ ಇರುತ್ತದೆ, ತೆರಿಗೆ ರಸೀದಿ ಇರುತ್ತದೆ, ಕರೆಂಟ್ ಬಿಲ್ ಇರುತ್ತದೆ. ಪಾಲಿಕೆಯ ಆಸ್ತಿ ಖಾತೆ ಮಾತ್ರ ‘ಬಿ’, ಅಂದರೆ ಪೂರ್ತಿ ಸಕ್ರಮವಲ್ಲದ್ದು. ಮಗಳ ಪ್ರವೇಶಪತ್ರದ ಜೊತೆ ಈ ಕಡತ ಹಿಡಿದು ಹೋದ ತಂದೆಗೆ ಬ್ಯಾಂಕಿನ ಮೇಜಿನ ಆಚೆಯಿಂದ ಬರುವ ಪ್ರಶ್ನೆ ಒಂದೇ: “ಎ ಖಾತಾ ಇದೆಯಾ?” ಇಲ್ಲವೆಂದರೆ ಹೆಚ್ಚು ಬಡ್ಡಿಯ ಖಾಸಗಿ ಹಣಕಾಸು ಸಂಸ್ಥೆಗಳ ಬಾಗಿಲಿಗೇ ಹೋಗಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ಮಗುವಿಗೂ ರೆವಿನ್ಯೂ ಸೈಟಿನ ಮಗುವಿಗೂ ಅಂಕ ಒಂದೇ ಇದ್ದರೂ ಬಡ್ಡಿ ಬೇರೆ. ಇದು ನಿಜಕ್ಕೂ ಅನ್ಯಾಯ.

ದೂರದ ಸರ್ಕಾರಗಳ ನೀತಿಯೂ ಈ ಮನೆಗಳ ಲೆಕ್ಕವನ್ನು ಏರುಪೇರು ಮಾಡುತ್ತದೆ. ಬ್ರಿಟನ್ 2012ರಲ್ಲಿ ಓದಿನ ನಂತರದ ಕೆಲಸದ ವೀಸಾ ನಿಲ್ಲಿಸಿತು, 2021ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತಂದಿತು. ಜರ್ಮನಿಗೆ ಹೋಗುವವರು ವರ್ಷದ ಜೀವನವೆಚ್ಚವನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ.

2023ರ ನವೆಂಬರ್‌ನಲ್ಲಿ ಯುಜಿಸಿ ವಿದೇಶಿ ವಿಶ್ವವಿದ್ಯಾಲಯಗಳಿಗೆ ಭಾರತದಲ್ಲಿ ಕ್ಯಾಂಪಸ್ ತೆರೆಯಲು ನಿಯಮ ರೂಪಿಸಿತು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕ್ಯಾಂಪಸ್‌ಗೆ ಸಮ್ಮತಿ ಪತ್ರ ಪಡೆದ ಲಿವರ್‌ಪೂಲ್ ವಿಶ್ವವಿದ್ಯಾಲಯ ಆರಿಸಿಕೊಂಡದ್ದು ವೈಟ್‌ಫೀಲ್ಡನ್ನು. ಬಿಸಿನೆಸ್ ಮ್ಯಾನೇಜ್‌ಮೆಂಟ್ ಅದು ಪ್ರಕಟಿಸಿದ ವಿಷಯಗಳಲ್ಲೊಂದು. ಕಲಿಯಲು ಹೊರಗೆ ಹೋಗುತ್ತಿದ್ದ ಊರಿಗೆ ಕಲಿಸುವವರೇ ಬರುತ್ತಿದ್ದಾರೆ. ಶಾಸ್ತ್ರಿಗಳಂತೆ ಸರ್ಕಾರದ ವೆಚ್ಚದಲ್ಲಿ ಹೋಗಿಬರುವ ದಾರಿಯೂ ಪೂರ್ತಿ ಮುಚ್ಚಿಲ್ಲ: ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ವಿದೇಶ ವ್ಯಾಸಂಗ ಯೋಜನೆಯಿದೆ. ಬಿ ಖಾತೆಯ ಮನೆಯಲ್ಲಿ ಓದುತ್ತಿರುವ ಅರ್ಹರು ಸಾಲದ ಅರ್ಜಿಗಿಂತ ಮೊದಲು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು.