ಕಾಫಿ ತೋಟಕ್ಕೆ ನೆರಳೇಕೆ?

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಗಿಡಗಳ ಮೇಲೆ ಮರಗಳೇಕೆ? ಈ ಪಾಠ ಕಲಿಸಿದ್ದು ಒಂದು ಹುಳು.

1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಯ ಹಲವು ಐರೋಪ್ಯ ಪ್ಲಾಂಟರುಗಳು ಸಿಂಹಳದ ಮಾದರಿಯಲ್ಲಿ ಕಾಡು ಬೋಳಿಸಿ ಕಾಫಿ ನೆಟ್ಟರು. ಕಾಂಡಕೊರಕ ಹುಳು ಎರಗಿ ತೋಟಗಳು ಒಣಗಿದವು. ಬಿಸಿಲು ಬೀಳುವ ಕಾಂಡವೆಂದರೆ ಇದರ ದುಂಬಿಗೆ ಮೊಟ್ಟೆಯಿಡಲು ಇಷ್ಟ. ತನಿಖೆ ನಡೆಸಿದ ಮದರಾಸಿನ ವೈದ್ಯ ಜಾರ್ಜ್ ಬಿಡೀ 1869ರ ವರದಿಯಲ್ಲಿ ನೆರಳಿನ ಅಗತ್ಯವನ್ನು ಎತ್ತಿಹೇಳಿದರು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಸಲಹೆಯೂ ಅದೇ.

ಅತ್ತಿ, ಹಲಸಿನಂಥ ಮರಗಳ ತರಗೆಲೆ ಮಣ್ಣಿನ ಸಾರವನ್ನೂ ತೇವವನ್ನೂ ಕಾಯುತ್ತದೆ. ಆದರೆ ಬೇಗ ಬೆಳೆದು ಕಾಸು ತರುವ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಈಗ ಅವುಗಳ ಜಾಗ ಹಿಡಿಯುತ್ತಿದೆ. ಹಳೆಯ ಮರಕ್ಕೆ ಕೊಡಲಿ ಹಾಕುವ ಮುನ್ನ ಬೆಳೆಗಾರರು ಆ ಹುಳುವನ್ನು ನೆನೆಯುವುದು ಒಳ್ಳೆಯದು.