ಬೀಸುಕಲ್ಲಿನ ಮುಂದೆ ಕಲಿತ ಭಾಷೆ

ಉರ್ದು ಪ್ರಾಥಮಿಕ ಶಾಲೆಯ ಎರಡನೇ ತರಗತಿಯಲ್ಲಿದ್ದಾಗ ನಮಗೆ ಒಂದು ವಾಕ್ಯ ಬಹಳ ಕಾಟ ಕೊಟ್ಟಿತ್ತು. 'ನಾನು ರೊಟ್ಟಿ ತಿಂದೆ' ಎನ್ನಲು ಮನೆಯಲ್ಲಿ ನಾವು 'ಮೈ ರೋಟಿ ಖಾಯಾ' ಎನ್ನುತ್ತಿದ್ದೆವು. ಮಾಸ್ತರರು ಬೆತ್ತದಿಂದ ಮೇಜು ಕುಟ್ಟಿ 'ಮೈಂ ನೇ ರೋಟಿ ಖಾಯೀ' ಎಂದು ತಿದ್ದುತ್ತಿದ್ದರು. ಗಂಡುಹುಡುಗರಾದ ನಮಗೆ 'ಖಾಯೀ' ಎನ್ನಲು ನಾಚಿಕೆ. ಮನೆಯಲ್ಲಿ ಹಾಗೆನ್ನುತ್ತಿದ್ದವಳು ಆಪಾ. ರೊಟ್ಟಿ ಸ್ತ್ರೀಲಿಂಗ, ಆದ್ದರಿಂದ ಕ್ರಿಯಾಪದವೂ ಅದರ ಹಿಂದೆಯೇ ಹೋಗಬೇಕು ಎಂಬುದು ಪುಸ್ತಕದ ನಿಯಮ. ತಿಂದವರು ನಾವಾಗಿರುವಾಗ ಮಾತು ರೊಟ್ಟಿಯ ಹಿಂದೆ ಏಕೆ ಹೋಗಬೇಕೆಂದು ಕೇಳುವ ಧೈರ್ಯವಿರಲಿಲ್ಲ. ಒಂದೆರಡು ತಿಂಗಳಲ್ಲಿ ನಾವು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದೆವು.

ಮಾಸ್ತರರ ಪ್ರಕಾರ ನಮ್ಮದು ಕೆಟ್ಟ ಉರ್ದು. ಮುಂದೆ ಕನ್ನಡ ಶಾಲೆ ಸೇರಿದಾಗ ಅಲ್ಲಿನ ಗೆಳೆಯರು ಸಿನೆಮಾದ ಸಾಬರನ್ನು ಅನುಕರಿಸಿ 'ನಮ್ದೂಕೆ ನಿಮ್ದೂಕೆ' ಎಂದು ಛೇಡಿಸಿದರು. ಹೀಗೆ ಎರಡೂ ಕಡೆ ನಾವು ತಪ್ಪು ಮಾತಾಡುವವರೇ ಆದೆವು. ಆ ಮಾತು ಎಲ್ಲಿಂದ ಬಂತು ಎಂದು ಅಂದು ಯಾರಾದರೂ ಹೇಳಿದ್ದರೆ ನಮ್ಮ ಬೆನ್ನು ಅಷ್ಟು ಬಾಗುತ್ತಿರಲಿಲ್ಲವೇನೋ.

ಮಗು ಭಾಷೆಯನ್ನು ಕಲಿಯುವುದು ಕಿವಿಯಿಂದ. ಇದನ್ನು ಪರೀಕ್ಷಿಸಲೆಂದೇ ಬಾದಶಹ ಅಕ್ಬರ್ ಕೆಲವು ಹಸುಗೂಸುಗಳನ್ನು ಮಾತು ಬೀಳದ ಮನೆಯೊಂದರಲ್ಲಿ, ಮೌನವಾಗಿರುವ ದಾದಿಯರ ಕೈಯಲ್ಲಿ ಬೆಳೆಸಿದ್ದನು. ಜನ ಅದನ್ನು ಗುಂಗ್ ಮಹಲ್, ಅಂದರೆ ಮೂಕರ ಮನೆ ಎಂದರು. 1582ರಲ್ಲಿ ಅವನು ಹೋಗಿ ನೋಡಿದಾಗ ಆ ಮಕ್ಕಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕ್ರೂರ ಪ್ರಯೋಗವೇ ಸರಿ.

ಅದೇ ಕಾಲದಲ್ಲಿ ದಖ್ಖನಿನಲ್ಲಿ ಕಿವಿಗಳಿಗೆ ಕೆಲಸ ಬಿಡುವಿಲ್ಲದಷ್ಟಿತ್ತು. 14ನೇ ಶತಮಾನದಲ್ಲಿ ದೆಹಲಿಯಿಂದ ಬಂದ ಸೈನಿಕರು, ಕಸುಬುದಾರರು, ಸೂಫಿಗಳು ತಂದ ಆಡುಮಾತು ಕಲಬುರಗಿ, ಬೀದರ್, ಬಿಜಾಪುರಗಳಲ್ಲಿ ಕನ್ನಡ, ಮರಾಠಿ, ತೆಲುಗುಗಳ ನಡುವೆ ಬೇರೂರಿತು. ಅದೇ ದಖ್ಖನಿ. ಎರಡನೇ ಇಬ್ರಾಹಿಂ ಆದಿಲ್ ಶಾಹ (1580–1627) ತನ್ನ 'ಕಿತಾಬೆ ನವ್‌ರಸ್'ನ ಹಾಡುಗಳನ್ನು ಬರೆದದ್ದು ಇದರಲ್ಲೇ. ಬಿಜಾಪುರದ ಆಸ್ಥಾನಕವಿ ನುಸ್ರತಿ 1657ರಲ್ಲಿ 'ಗುಲ್ಶನೆ ಇಶ್ಕ್' ಬರೆದದ್ದೂ ಇದರಲ್ಲೇ. ಒಂದು ಕಾಲಕ್ಕೆ ಅರಮನೆಯಲ್ಲಿ ಹಾಡಿದ ಮಾತೇ ನಮ್ಮ ಮಾಸ್ತರರಿಗೆ ಕೆಟ್ಟ ಉರ್ದುವಾಗಿ ಕೇಳಿಸಿದ್ದು!

ಆದರೆ ಅರಮನೆಯ ಕಾವ್ಯ ಕೇಳಿ ಮಕ್ಕಳು ಮಾತು ಕಲಿಯಲಿಲ್ಲ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಚಕ್ಕಿನಾಮಾ, ಚರ್ಖಾನಾಮಾ ಎಂಬ ಹಾಡುಗಳಿದ್ದವು. ಹೆಂಗಸರು ಬೀಸುವಾಗ, ನೂಲುವಾಗ ಹಾಡಲೆಂದೇ ಕಟ್ಟಿದ ಹಾಡುಗಳವು. ಬೀಸುಕಲ್ಲಿನ ನೆಟ್ಟಗಿನ ಗೂಟ ಅಲಿಫ್ ಅಕ್ಷರದಂತೆ, ಅಂದರೆ ಅಲ್ಲಾಹನ ಹೆಸರಿನ ಮೊದಲ ಅಕ್ಷರದಂತೆ ಎಂಬ ಹೋಲಿಕೆಗಳು ಅವುಗಳಲ್ಲಿ ಬರುತ್ತವೆ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಈ ಹಾಡುಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಬೀಸುತ್ತಿದ್ದ ತಾಯಿಯ ತೊಡೆಯ ಮೇಲೆ ಮಗು ಮಲಗಿರುತ್ತಿತ್ತು ಎಂದು ಊಹಿಸಲು ಕತೆಗಾರನ ಕಲ್ಪನೆಯೇನೂ ಬೇಕಿಲ್ಲ. ಮಾತಿನ ಜೊತೆಗೆ ದೀನಿನ ಮೊದಲ ಪಾಠವೂ ಆ ಹಿಟ್ಟಿನ ಸದ್ದಿನಲ್ಲೇ ಇಳಿಯಿತು.

ಅಂಗಳ ದಾಟಿದರೆ ಪಕ್ಕದ ಮನೆಯ ಕನ್ನಡ. ಒಂದೇ ನಾಲಗೆ ದಿನಕ್ಕೆ ಹತ್ತು ಸಲ ಅತ್ತಿಂದಿತ್ತ ಓಡಾಡಿದಾಗ ಏನಾಗುತ್ತದೆ? ಇದಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕದ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರು. ಅಲ್ಲಿ ಜೈನರು, ಲಿಂಗಾಯತರು ಕನ್ನಡದವರು. ಮುಸ್ಲಿಮರು ಉರ್ದು, ದಲಿತರು ಮರಾಠಿ, ಹಗ್ಗ ಹೊಸೆಯುವವರು ತೆಲುಗು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಊರಿನ ಉರ್ದು, ಮರಾಠಿ, ಕನ್ನಡಗಳ ಪದಗಳು ಬೇರೆ ಬೇರೆ, ಆದರೆ ವಾಕ್ಯದ ಎಲುಬುಗೂಡು ಬಹುಮಟ್ಟಿಗೆ ಒಂದೇ. ಒಂದು ಭಾಷೆಯ ವಾಕ್ಯದಲ್ಲಿ ಪದಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಇನ್ನೊಂದು ಭಾಷೆ ಸಿದ್ಧ! ಉರ್ದು ಅಲ್ಲಿ ಕನ್ನಡದಂತೆ ಜೀವವಿಲ್ಲದ ವಸ್ತುಗಳಿಗೆ ಹೆಣ್ಣು ಗಂಡೆಂಬ ಭೇದ ಬಿಟ್ಟುಕೊಟ್ಟಿದೆ. ಅಲ್ಲಿನ ಕನ್ನಡವೂ ನೆರೆಯ ಭಾಷೆಗಳಿಂದ ಪಡೆದುಕೊಂಡಿದೆ, ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ಪದಗಳು ಮಾತ್ರ ಬೇರೆಯಾಗಿ ಉಳಿದದ್ದೇಕೆ? ಮನೆಯೊಳಗೆ ತಮ್ಮವರೊಂದಿಗೆ ತಮ್ಮದೇ ಮಾತು ಎಂಬ ಹಟವನ್ನು ಯಾರೂ ಬಿಟ್ಟಿರಲಿಲ್ಲ. ನಾವು ಯಾರೆಂದು ತೋರಿಸಲು ಪದಗಳು ಸಾಕು. ಉಳಿದದ್ದನ್ನು ಮನಸ್ಸು ತನ್ನ ಹೊರೆ ಇಳಿಸಿಕೊಳ್ಳಲು ಒಂದೇ ಅಚ್ಚಿಗೆ ಹಾಕಿತು ಎಂದು ನಾವು ತಿಳಿಯುತ್ತೇವೆ.

ಇದನ್ನು ಓದಿದಾಗ ನಮಗೆ ಎರಡನೇ ತರಗತಿಯ ರೊಟ್ಟಿ ನೆನಪಾಯಿತು. ಕನ್ನಡದಲ್ಲಿ ತಿಂದವನ ಜೊತೆ ಕ್ರಿಯಾಪದ ಹೋಗುತ್ತದೆ, ನಮ್ಮ ದಖ್ಖನಿಯಲ್ಲೂ ಹಾಗೆಯೇ. ಉತ್ತರದವರು 'ಕಿತಾಬ್ ವಿತಾಬ್' ಎಂದರೆ ನಾವು 'ಕಿತಾಬ್ ಗಿತಾಬ್' ಎನ್ನುತ್ತೇವೆ, ನೆರೆಯವರ 'ಪುಸ್ತಕ ಗಿಸ್ತಕ'ದಂತೆ. 'ಬರ್ತೀನಿ ಅಂತ ಹೇಳಿದ' ಎನ್ನುವುದು ನಮ್ಮಲ್ಲಿ 'ಆತೂಂ ಬೋಲ್ಕೆ ಬೋಲ್ಯಾ'. ಪುಸ್ತಕದ ಉರ್ದುವಿನಲ್ಲಿ 'ಹೇಳಿದ' ಎಂಬುದು ಮೊದಲು, ಹೇಳಿದ ಮಾತು ಆಮೇಲೆ. ನಮ್ಮಲ್ಲಿ ಕನ್ನಡದಂತೆ ಮೊದಲು ಮಾತು, ಆಮೇಲೆ ಆಡಿದವನು. ಅದನ್ನು ತಪ್ಪು ಎಂದ ಮಾಸ್ತರರು ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಹಾಗೆಯೇ ಮಾತಾಡುತ್ತಿದ್ದರು ಎಂಬುದು ಬೇರೆ ಮಾತು.

ಎರಡು ಭಾಷೆಯ ಮಕ್ಕಳ ಬುದ್ಧಿ ಗೊಂದಲಕ್ಕೀಡಾಗುತ್ತದೆ ಎಂದು ವಿದ್ವಾಂಸರೂ ಬಹುಕಾಲ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ದ್ವಿಭಾಷಿಕ ಮಕ್ಕಳೇ ಮುಂದಿದ್ದರು. ಆ ಮೇಲುಗೈ ಎಷ್ಟು ನಿಜ ಎಂಬ ಚರ್ಚೆ ಇಂದಿಗೂ ಇದೆ. ಗೊಂದಲದ ವಾದಕ್ಕಂತೂ ಮೊದಲಿನ ಬಲ ಉಳಿಯಲಿಲ್ಲ. ನಮ್ಮ ಊರುಗಳಲ್ಲಿ ಮಾತ್ರ 'ಮನೆಯಲ್ಲಿ ಆ ಮಾತು ಬಿಡಿ, ಮಗು ಹಿಂದೆ ಬೀಳುತ್ತದೆ' ಎಂಬ ಉಪದೇಶ ತಾಯಂದಿರಿಗೆ ಇನ್ನೂ ಸಿಗುತ್ತದೆ.

ದಖ್ಖನಿ ಮನೆಮಾತಿನ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಎಲ್ಲ ಮಕ್ಕಳೂ ಬಾನು ಆಗುವುದಿಲ್ಲ, ನಿಜ. ಆದರೆ ಆ ಶಾಲೆ ಅವರಿಗೆ ಕೇಳಿದ್ದು ಹೊಸ ಲಿಪಿಯನ್ನು. ಹೊಸ ವಾಕ್ಯದ ಅಚ್ಚು ಅವರ ತಲೆಯಲ್ಲಿ ಆಗಲೇ ಅರ್ಧ ಸಿದ್ಧವಾಗಿದ್ದಿರಬೇಕು.

ನಮ್ಮ ಮನೆಯಲ್ಲಿ ಈಗ ಬೀಸುಕಲ್ಲು ಹಿತ್ತಲಿನ ಗೋಡೆಗೆ ಒರಗಿದೆ. ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಗಳು ಉರ್ದು ಓದಲಾರಳು. ಮೊನ್ನೆ ಅವಳ ತಾಯಿ ಗದರಿದಾಗ ಅವಳು ಕೊಟ್ಟ ಉತ್ತರ: 'ಹೋಮ್‌ವರ್ಕ್ ಫಿನಿಶ್ ಕರ್ತೂಂ ಬೋಲ್ಕೆ ಬೋಲೀ ನಾ ಅಮ್ಮೀ!'